ಎವರಿಸ್ತೊನ ಸಿರಾಮಿಕ್ ಬ್ರೇಕು

ಎವರಿಸ್ತೊ ಕವತ್ಸೂತಿಯ ಗ್ರಹಚಾರ ಆ ಭಾನುವಾರ ಒಂದು ರೊಟ್ಟಿಯ ರೂಪದಲ್ಲಿ ಬಂತು.

ಅಂಗೈಯಗಲದ ಬಿಸಿ ಕ್ರೆಷೆಂತೀನಾ. ನಡುವೆ ಸೀಳಿ, ಹಂದಿಕೊಬ್ಬಿಗೆ ಬೆಳ್ಳುಳ್ಳಿ, ರೋಸ್ಮರಿ ಸೊಪ್ಪು ಸೇರಿಸಿ ಅರೆದದ್ದನ್ನು ಸವರಿಕೊಂಡು ತಿನ್ನುವಂಥದ್ದು. ಇಟಲಿಯ ಗುಡ್ಡದ ಮೇಲಿನ ಮೊಂತೆಗ್ರಿಲ್ಲೊ ಊರಿನವರಿಗೆ ಹಲ್ಲು ಹುಟ್ಟುವುದೇ ಇದನ್ನು ಕಚ್ಚಲಿಕ್ಕೆ, ಹಲ್ಲು ಉದುರಿದ ಮೇಲೂ ಇದನ್ನು ಬಿಡುವುದಿಲ್ಲ. ಅಂದು ಗುಂಡು ಉರುಳಿಸಿ ಆಡುವ ಬೋಚೆ ಆಟದ ಕ್ಲಬ್ಬಿನ ಹಾಲ್‌ನಲ್ಲಿ ಆಂಬುಲೆನ್ಸ್ ಸಂಘದ ಊಟ. ಊರಿಗೆ ಊರೇ ಉದ್ದನೆಯ ಮೇಜುಗಳ ಮುಂದೆ ಕೂತು ಲಂಬ್ರೂಸ್ಕೊ ವೈನು ಹೀರುತ್ತ ಅರಚಾಡುತ್ತಿತ್ತು. ಎವರಿಸ್ತೊ ತನ್ನ ಪಾಲಿನ ರೊಟ್ಟಿಯನ್ನು ಬಾಯಿಯ ಹತ್ತಿರ ತಂದವನು ಹಾಗೇ ನಿಂತುಬಿಟ್ಟ.

ರೊಟ್ಟಿಯ ಮೈಮೇಲೆ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಹಿಟ್ಟು ಉಬ್ಬಿ ಎದ್ದ ಗುಳ್ಳೆಗಳಲ್ಲ. ಸಾಲಾಗಿ, ಒಂದರ ಹಿಂದೊಂದು, ಸುಳಿಯಂತೆ ಬಾಗಿ ಹೋಗುವ ಗುಳ್ಳೆಗಳು. ಆ ಸುಳಿ ಅವನಿಗೆ ಗೊತ್ತಿತ್ತು. ಅದನ್ನು ಅವನು ಮೆತ್ತನೆಯ ಬಟ್ಟೆಯಿಂದ ಎಷ್ಟು ಸಲ ಒರೆಸಿದ್ದನೋ, ಎಷ್ಟು ಸಲ ಸುಮ್ಮನೆ ನೋಡುತ್ತ ಕೂತಿದ್ದನೋ ಲೆಕ್ಕವಿಲ್ಲ. ಹೆತ್ತ ಮಗುವಿನ ಮಚ್ಚೆ ತಾಯಿಗೆ ಗುರುತು ಸಿಗದೆ ಇರುತ್ತದೆಯೇ?

“ಅಯ್ಯೋ,” ಎಂದ ಎವರಿಸ್ತೊ. “ನನ್ನ ಬ್ರೇಕು!”

ಈ ಬ್ರೇಕಿನ ಕತೆ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಗುಡ್ಡದ ಕೆಳಗಿನ ಬಯಲಿನಲ್ಲಿ ಎರಡೇ ಬಗೆಯ ಕಾರ್ಖಾನೆಗಳು. ಕೆಲವುಗಳಲ್ಲಿ ಟೈಲ್ಸ್ ಸುಡುತ್ತಾರೆ, ಒಂದರಲ್ಲಿ ಕೆಂಪು ಕಾರು ಮಾಡುತ್ತಾರೆ. ಊರಿನ ಗಂಡಸರೆಲ್ಲ ಟೈಲ್ಸಿನಲ್ಲಿ ದುಡಿದು ಕೆಂಪು ಕಾರಿನ ಕನಸು ಕಾಣುವವರು. ಬಚ್ಚಲುಮನೆಯ ಟೈಲ್ಸ್ ಮಾರುವ ಎವರಿಸ್ತೊ ಒಬ್ಬ ಮಾತ್ರ ಐವತ್ತು ದಾಟಿದ ಮೇಲೆ ಒಂದು ಹಳೆಯ ಕೆಂಪು ಕಾರನ್ನು ಕೊಂಡೇಬಿಟ್ಟ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಕುದುರೆ ಕೊಂಡವನಿಗೆ ಜೀನು ಚಿನ್ನದ್ದಾಗಿರಬೇಕೆಂಬ ಹುಚ್ಚು. ಕಾರಿನ ಕಬ್ಬಿಣದ ಬ್ರೇಕ್ ಬಿಲ್ಲೆಗಳನ್ನು ತೆಗೆಸಿ, ರೇಸಿನ ಕಾರುಗಳಂತೆ ಮೈತುಂಬ ಸುಳಿಯಾಕಾರದ ಸಣ್ಣ ತೂತುಗಳಿರುವ ಕಾರ್ಬನ್ ಸಿರಾಮಿಕ್ ಬಿಲ್ಲೆಗಳನ್ನು ಹಾಕಿಸಿದ. ಆ ನಾಲ್ಕು ಬಿಲ್ಲೆಗಳ ಬೆಲೆಗೆ ಒಂದು ಹೊಸ ಪುಟ್ಟ ಕಾರೇ ಬರುತ್ತಿತ್ತು. ಹೆಂಡತಿ ಲೊರೆತ್ತಾಗೆ ಮಾತ್ರ, “ಅದು ಕಾರಿನ ಜತೆ ಪುಗಸಟ್ಟೆ ಬಂತು,” ಎಂದಿದ್ದ.

ಸಿರಾಮಿಕ್ ಬ್ರೇಕಿಗೆ ಒಂದು ಗುಣವಿದೆ. ಕಾದಷ್ಟೂ ಚುರುಕು. ಇನ್ನೊಂದು ಅವಗುಣವೂ ಇದೆ. ತಣ್ಣಗಿದ್ದರೆ ಕಿರುಚುತ್ತದೆ. ರೇಸಿನಲ್ಲಿ ಅದು ಕಾಯುತ್ತದೆ. ಎವರಿಸ್ತೊ ದಿನಾ ಬೆಳಿಗ್ಗೆ ಬ್ರೆಡ್ ವ್ಯಾನಿನ ಹಿಂದೆ ನಿಧಾನಕ್ಕೆ ಗುಡ್ಡ ಇಳಿದು ಅಂಗಡಿಗೆ ಹೋಗುವವನು. ಅವನ ಬ್ರೇಕು ಒಂದು ದಿನವೂ ಕಾಯಲಿಲ್ಲ, ಒಂದು ದಿನವೂ ಕಿರುಚದೆ ಬಿಡಲಿಲ್ಲ. ಪ್ರತಿ ತಿರುವಿನಲ್ಲೂ ಕತ್ತು ಕೊಯ್ಯಿಸಿಕೊಳ್ಳುವ ಹಂದಿಯಂಥ ಕೂಗು. ನಾಯಿಗಳು ಊಳಿಟ್ಟವು, ನೆರೆಯವರು ಬಾಗಿಲಿಗೆ ಬಂದರು. ಕೊನೆಗೆ ಮೆಕ್ಯಾನಿಕ್ ವೆರ್ತೆರ್, “ಮಾರಾಯ, ಇದು ನಿನ್ನ ಪಾದಕ್ಕೆ ಹೇಳಿ ಮಾಡಿಸಿದ್ದಲ್ಲ. ಹಳೇ ಕಬ್ಬಿಣಾನೇ ಹಾಕ್ತೀನಿ. ಇದನ್ನ ಜೋಪಾನವಾಗಿ ಇಟ್ಕೋ, ಕಾರು ಮಾರೋವಾಗ ಮತ್ತೆ ಹಾಕಿದ್ರೆ ಒಳ್ಳೇ ಬೆಲೆ ಬರತ್ತೆ,” ಎಂದ. ಬಿಲ್ಲೆಗಳು ಪೆಟ್ಟಿಗೆ ಸೇರಿ ಗ್ಯಾರೇಜಿನ ಮೂಲೆ ಹಿಡಿದವು. ಪೆಟ್ಟಿಗೆಯಲ್ಲಿ ಏನಿದೆ ಎಂದು ಲೊರೆತ್ತಾ ಕೇಳಿದಾಗ ಎವರಿಸ್ತೊ ಎರಡನೇ ಸುಳ್ಳು ಹೇಳಿದ: “ಏನಿಲ್ಲ, ಹಳೇ ಸಿರಾಮಿಕ್ ಸ್ಯಾಂಪಲ್ಲು.”

ಈಗ ಅವನ ಬೆನ್ನುಮೂಳೆಯಲ್ಲೇ ಒಂದು ಬಿಲ್ಲೆ ಜಾರಿತ್ತು. ಆ ಕಾರಿನೊಳಗೆ ಇಳಿಯುವುದೆಂದರೆ ಬಾವಿಗೆ ಇಳಿದ ಹಾಗೆ, ಹೊರಗೆ ಬರಲು ಇಬ್ಬರು ಎಳೆಯಬೇಕು. ಡಾಕ್ಟರು ಕಾರು ಮಾರು ಎಂದರು. ಸ್ವಿಟ್ಜರ್ಲೆಂಡಿನಿಂದ ಓಡರ್‌ಮಾಟ್ ಎಂಬ ಹಲ್ಲಿನ ಡಾಕ್ಟರ್ ಕೊಳ್ಳಲು ಸಿದ್ಧನಾಗಿದ್ದ. ಸಿರಾಮಿಕ್ ಬ್ರೇಕು ಇದ್ದರೆ ಮಾತ್ರ ಬೆಟ್ಟ ದಾಟಿ ಬರುತ್ತೇನೆ ಎಂದಿದ್ದ. ಬರುವುದು ಇವತ್ತೇ, ಊಟ ಮುಗಿದು ಕಾಫಿ ಕುಡಿಯುವ ಹೊತ್ತಿಗೆ. ವೆರ್ತೆರ್ ಊಟ ಮುಗಿಸಿ ಬಿಲ್ಲೆಗಳನ್ನು ಜೋಡಿಸುವುದೆಂದು ಮಾತಾಗಿತ್ತು.

ಎವರಿಸ್ತೊ ಬೆನ್ನು ಹಿಡಿದುಕೊಂಡು ಹಾಲ್‌ನ ಹಿತ್ತಲಿಗೆ ಓಡಿದ. ಅಲ್ಲಿ ಕೆಂಡದ ಒಲೆಯ ಮುಂದೆ ಅತ್ತೆ ದೆಸೊಲೀನಾ ಯುದ್ಧಭೂಮಿಯ ಸೇನಾಪತಿಯಂತೆ ನಿಂತಿದ್ದಳು. ವಯಸ್ಸು ಎಂಬತ್ತು, ಕೈಯಲ್ಲಿ ಉದ್ದನೆಯ ಇಕ್ಕಳ. ಒಲೆಯ ಮೇಲೆ ಅವನ ಬ್ರೇಕಿನ ಬಿಲ್ಲೆ. ಬಿಲ್ಲೆಯ ಮೇಲೆ ಸುತ್ತಲೂ ಹಿಟ್ಟಿನ ಉಂಡೆಗಳು. ಉಂಡೆಗಳ ಮೇಲೆ ಕವುಚಿ ಹಾಕಿದ ಇನ್ನೊಂದು ಬಿಲ್ಲೆ. ಪಕ್ಕದ ಒಲೆಯ ಮೇಲೆ ಇನ್ನೊಂದು ಜೋಡಿ.

“ಬನ್ನಿ ಅಳಿಯಂದಿರೇ! ರೊಟ್ಟಿ ಹೇಗಿದೆ?”

“ಅತ್ತೆ... ಇದು... ಇದು ನಿಮಗೆ ಎಲ್ಲಿ ಸಿಕ್ತು?”

“ಲೊರೆತ್ತಾ ಕೊಟ್ಲು ಕಣಪ್ಪ. ನನ್ನ ರೊಟ್ಟಿ ಸುಡೋ ಮಣ್ಣಿನ ಬಿಲ್ಲೆಗಳು ಎಲ್ಲಾ ಒಡೆದುಹೋಗಿದ್ವಲ್ಲ, ಇಷ್ಟು ಜನಕ್ಕೆ ಏನ್ ಮಾಡ್ಲಿ ಅಂತ ಅಳ್ತಾ ಕೂತಿದ್ದೆ. ‘ನನ್ನ ಗಂಡನ ಸ್ಯಾಂಪಲ್ ಇದೆ ತಗೋಮ್ಮ, ಗ್ಯಾರೇಜಲ್ಲಿ ಧೂಳು ತಿಂತಾ ಬಿದ್ದಿದೆ’ ಅಂದ್ಲು. ನಾನು ಸೋಡಾ ಹಾಕಿ ಮೂರು ಸಲ ತಿಕ್ಕಿದೀನಿ, ಹೆದರಬೇಡ. ಎಂಥಾ ಸಾಮಾನಪ್ಪಾ ಇದು! ಒಂದ್ಸಲ ಕಾದ್ರೆ ಆರೋದೇ ಇಲ್ಲ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಅನ್ನೋ ಮಾತೇ ಇಲ್ಲ. ನಡುವೆ ಹಿಡಿಕೆ ಬೇರೆ ಕೊಟ್ಟಿದಾರೆ!”

ಅವಳು ಹಿಡಿಕೆ ಎಂದದ್ದು ಚಕ್ರಕ್ಕೆ ಬಿಗಿಯುವ ಬಟ್ಟಲು. ಎವರಿಸ್ತೊ ಲೆಕ್ಕ ಹಾಕಿದ. ನಿಜ ಹೇಳಿದರೆ ಮಾತು ಹೆಂಡತಿಯ ಕಿವಿಗೆ ಬೀಳುತ್ತದೆ. ಹೇಳದಿದ್ದರೆ ರೊಟ್ಟಿ ಬೇಯುತ್ತಲೇ ಇರುತ್ತದೆ.

“ಅತ್ತೆ, ಅದನ್ನ ಈಗಲೇ ಕೊಡಿ, ಅಂಗಡಿಗೆ ಬೇಕು.”

“ಭಾನುವಾರ ಯಾವ ಅಂಗಡಿ? ಎರಡನೇ ಸುತ್ತಿಗೆ ಅರ್ಧ ಹಾಲ್ ಕಾದು ಕೂತಿದೆ. ಆಚೆ ಹೋಗು, ಹಿಟ್ಟಿನ ಮೇಲೆ ನೆರಳು ಬೀಳ್ತಿದೆ,” ಎಂದು ಅತ್ತೆ ಇಕ್ಕಳದಿಂದಲೇ ದಾರಿ ತೋರಿಸಿದಳು.

ಎವರಿಸ್ತೊ ಹಾಲ್‌ಗೆ ಮರಳಿ ವೆರ್ತೆರ್‌ನ ತೋಳು ಹಿಡಿದು ಕಿವಿಯಲ್ಲಿ ಪಿಸುಗುಟ್ಟಿದ. ವೆರ್ತೆರ್ ಒಳ್ಳೆಯವನೇ. ಆದರೆ ಅಷ್ಟು ಹೊತ್ತಿಗೆ ಲಂಬ್ರೂಸ್ಕೊ ಅವನ ಗಂಟಲಿನ ಗಾತ್ರವನ್ನು ದೊಡ್ಡದು ಮಾಡಿತ್ತು.

“ಏನಂದೆ?” ಎಂದು ಅವನು ಕೂಗಿದ. “ಸಿರಾಮಿಕ್ ಬ್ರೇಕಿನ ಮೇಲೆ ರೊಟ್ಟಿನಾ? ಲೋ, ಒಂದು ಹೊಸ ಕಾರಿನ ದುಡ್ಡು ಕಣೋ ಅದು! ನಾನು ತಿಂದದ್ದು ಕಾರಿನ ಬೆಲೆಯ ರೊಟ್ಟಿನಾ?”

ಗದ್ದಲದ ಹಾಲ್‌ಗಳಿಗೆ ಒಂದು ಕೆಟ್ಟ ಚಾಳಿಯಿದೆ. ನೀವು ಗುಟ್ಟು ಹೇಳುವ ಕ್ಷಣಕ್ಕೆ ಸರಿಯಾಗಿ ಅವು ಮೌನವಾಗುತ್ತವೆ. ವೆರ್ತೆರ್‌ನ ಮಾತು ಮೊದಲನೇ ಮೇಜಿಗೆ ಇದ್ದ ಹಾಗೇ ತಲುಪಿತು. ಎರಡನೇ ಮೇಜಿನಲ್ಲಿ ಅದು ದೊಡ್ಡ ಕಾರಾಯಿತು. ಮೂರನೆಯದರಲ್ಲಿ ಸಂಘದ ಹೊಸ ಆಂಬುಲೆನ್ಸಿನಷ್ಟಾಯಿತು. ಬಾಗಿಲ ಬಳಿಯ ಮೇಜಿಗೆ ಮುಟ್ಟುವಾಗ ಅದು ರಿಮಿನಿಯಲ್ಲಿ ಸಮುದ್ರದ ಕಡೆ ಮುಖ ಮಾಡಿದ ಮನೆಯಾಗಿತ್ತು.

ನೆಯಾರ್ಕೊ ಎದ್ದು ನಿಂತ. ಟೈಲ್ಸ್ ಕಾರ್ಖಾನೆಯ ಭಟ್ಟಿಯ ಮುಂದೆ ಆಯುಷ್ಯ ಸವೆಸಿ ನಿವೃತ್ತನಾದವನು. ಸಿರಾಮಿಕ್ ಎಂಬ ಮಾತು ಬಂದರೆ ತನ್ನನ್ನು ಕೇಳದೆ ಯಾರೂ ಮುಂದುವರಿಯಬಾರದೆಂದು ಅವನ ನಂಬಿಕೆ.

“ಬ್ರೇಕಿಗೆ ಸಿರಾಮಿಕ್ಕಾ? ಯಾವನ್ರೀ ಹೇಳಿದ್ದು? ಸಿರಾಮಿಕ್ ಅಂದ್ರೆ ಬಚ್ಚಲಲ್ಲಿ ಕಾಲ್ಕೆಳಗೆ ಹಾಕೋದು. ಅದು ಇರೋದೇ ಜಾರಿ ಬೀಳೋಕೆ, ನಿಲ್ಲೋಕಲ್ಲ!”

“ಅದು ಬೇರೆ, ಇದು ಬೇರೆ ಕಣೋ ನೆಯಾರ್ಕೊ,” ಎಂದ ವೆರ್ತೆರ್. “ಕಬ್ಬಿಣ ಕಾದ್ರೆ ಸುಸ್ತಾಗತ್ತೆ. ಇದಕ್ಕೆ ಸುಸ್ತೇ ಇಲ್ಲ. ತೂಕ ಅರ್ಧ, ತುಕ್ಕು ಹಿಡಿಯಲ್ಲ. ಬೆಟ್ಟದ ಮೇಲಿಂದ ಕೆಳಗಿನವರೆಗೂ ಒತ್ತುತ್ತಾನೇ ಇದ್ರೂ ಕೈ ಕೊಡಲ್ಲ.”

“ಇವನು ಒತ್ತೋದು ಬ್ರೆಡ್ ವ್ಯಾನ್ ಹಿಂದೆ! ವ್ಯಾನ್ ನಿಂತ್ರೆ ಇವನೂ ನಿಲ್ತಾನೆ. ಸುಸ್ತಾಗೋದು ಇವನ ಬ್ರೇಕಿಗಲ್ಲ, ಹಿಂದೆ ಇರೋ ನಮಗೆ.”

ಹಾಲ್ ಘೊಳ್ಳೆಂದು ನಕ್ಕಿತು. ಶುದ್ಧ ದಂಡ ಎಂದವರು ಬಹಳ ಮಂದಿ. ರೇಸು ಓಡಿಸುವವನಿಗೆ ಸರಿ, ಟೈಲ್ಸ್ ಮಾರುವವನಿಗೆ ಯಾಕೆ ಎಂದವರು ಕೆಲವರು. ಈ ಚರ್ಚೆಯ ನಡುವೆ ಯಾರೋ ದಾರಿ ಬಿಟ್ಟರು, ಆ ದಾರಿಯಲ್ಲಿ ನೀರಿನ ಹೂಜಿ ಹಿಡಿದು ಲೊರೆತ್ತಾ ನಡೆದು ಬಂದಳು. ನಗು ಆರಿತು.

“ಪುಗಸಟ್ಟೆ ಬಂತು ಅಂದಿದ್ದೆ,” ಎಂದಳು.

“ಅದು... ಒಂಥರಾ...”

“ಆಮೇಲೆ ಸ್ಯಾಂಪಲ್ ಅಂದೆ. ಟೈಲ್ಸ್ ಮಾರೋನ ಹೆಂಡ್ತಿ ನಾನು. ನನ್ನ ಅಡುಗೆಮನೆ ಗೋಡೆಗೆ ಇನ್ನೂ ಟೈಲ್ಸ್ ಇಲ್ಲ. ಕೇಳಿದ್ರೆ ಮುಂದಿನ ವರ್ಷ ಅಂತೀಯ.”

ಅವಳು ಕೂಗಾಡಿದ್ದರೆ ಎವರಿಸ್ತೊ ಬದುಕಿಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಮಾತಾಡಿದಳು. ಮೆಲ್ಲಗೆ ಮಾತಾಡುವ ಲೊರೆತ್ತಾ ಎಂದರೆ ಮೋಡವಿಲ್ಲದ ಸಿಡಿಲು.

ಅಷ್ಟರಲ್ಲಿ ಬಾಗಿಲ ಬಳಿಯವರು, “ಸ್ವಿಸ್ ಬಂದ! ಸ್ವಿಸ್ ಬಂದ!” ಎಂದು ಕೂಗಿದರು. ಕಾಫಿಗೆ ಬರಬೇಕಾದವನು ಊಟಕ್ಕೇ ಬಂದಿದ್ದ. ಗಡಿಯಾರದ ದೇಶದವನು ತಡವಾಗಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬೇಗ ಬರಬಹುದೆಂದು ಯಾರೂ ಎಣಿಸಿರಲಿಲ್ಲ.

ಮೊಂತೆಗ್ರಿಲ್ಲೊ ಜನ ತಮ್ಮವನನ್ನು ತಾವೇ ಗೋಳಾಡಿಸುತ್ತಾರೆ. ಆದರೆ ಹೊರಗಿನವನ ಮುಂದೆ ಬಿಟ್ಟುಕೊಡುವುದಿಲ್ಲ. ಲೊರೆತ್ತಾ ಹೂಜಿಯನ್ನು ಮೇಜಿನ ಮೇಲೆ ಕುಕ್ಕಿ, “ಮೊದಲು ಕಾರು ಮಾರು. ನಿನ್ನ ವಿಚಾರ ಆಮೇಲೆ ನೋಡ್ಕೋತೀನಿ,” ಎಂದವಳೇ ನಗುಮುಖ ಧರಿಸಿ ಬಾಗಿಲಿಗೆ ಹೋದಳು.

ಓಡರ್‌ಮಾಟ್ ಉದ್ದನೆಯ ಸಣಕಲು ಮನುಷ್ಯ. ಪುಸ್ತಕದಿಂದ ಕಲಿತ ಇಟಾಲಿಯನ್ನನ್ನು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂತೆ ಮಾತಾಡುತ್ತಿದ್ದ.

“ನಮಸ್ಕಾರ. ನಾನು ವಾಹನವನ್ನು ಪರಿಶೀಲಿಸಲು ಆಗಮಿಸಿದ್ದೇನೆ.”

“ಪರಿಶೀಲಿಸೋರಂತೆ, ಮೊದ್ಲು ಊಟ ಮಾಡಿ,” ಎಂದು ಲೊರೆತ್ತಾ ಅವನನ್ನು ಕೂರಿಸಿ, ಮೊದಲ ಸುತ್ತಿನಲ್ಲಿ ಬೆಂದು ಉಳಿದಿದ್ದ ರೊಟ್ಟಿಗಳನ್ನು ಮುಂದಿಟ್ಟಳು.

ಹಿತ್ತಲಿನಲ್ಲಿ ವೆರ್ತೆರ್ ಮತ್ತು ಎವರಿಸ್ತೊ ಅತ್ತೆಯ ಕೈಕಾಲು ಹಿಡಿದು ಬಿಲ್ಲೆಗಳನ್ನು ಬಿಡಿಸಿಕೊಂಡರು. ಅವು ಕೆಂಡದಂತೆ ಕಾದಿದ್ದವು. ಸಹಾಯಕ್ಕೆ ಬಂದ ನೆಯಾರ್ಕೊ ಆರಿಸಲೆಂದು ಒಂದು ಬಾಟಲಿ ವೈನನ್ನೇ ಬಗ್ಗಿಸಲು ಹೋದ.

“ಲೋ ಬೇಡ್ವೋ!” ಎಂದು ವೆರ್ತೆರ್ ಕಿರುಚಿದ.

“ನಿನ್ನ ಬ್ರೇಕು ಕೆಡತ್ತೆ ಅಂತಲಾ?”

“ವೈನು ಕೆಡತ್ತೆ ಅಂತ!”

ಕೊನೆಗೆ ಅವನ್ನು ಬೋಚೆ ಆಡುವ ಅಂಗಳದ ಮರಳಿನಲ್ಲಿ ಹೂತು ಆರಿಸಿದರು. ರಸ್ತೆಯಾಚೆಯೇ ವೆರ್ತೆರ್‌ನ ಶೆಡ್ಡು. ಅಲ್ಲಿ ನಿಲ್ಲಿಸಿದ್ದ ಕಾರಿನ ಕಬ್ಬಿಣದ ಬಿಲ್ಲೆಗಳನ್ನು ಬಿಚ್ಚಿ ಹೊರಗೆ ಎಸೆದು, ರೊಟ್ಟಿಯ ಬಿಲ್ಲೆಗಳನ್ನು ಒರೆಸಿ ಬಿಗಿಯತೊಡಗಿದರು. ಮೇಲೆ ಎಷ್ಟು ಒರೆಸಿದರೂ, ರೊಟ್ಟಿ ಅಂಟದಿರಲೆಂದು ಅತ್ತೆ ಬೆಳಿಗ್ಗೆಯಿಂದ ಸವರಿದ್ದ ಬೆಳ್ಳುಳ್ಳಿ, ರೋಸ್ಮರಿಯ ಹಂದಿಕೊಬ್ಬು ಆ ನೂರಾರು ಸಣ್ಣ ತೂತುಗಳೊಳಗೆ ಇಳಿದು ಕೂತಿತ್ತು.

ಇತ್ತ ಸ್ವಿಸ್ ಒಂದು ರೊಟ್ಟಿ ತಿಂದ. ಇನ್ನೊಂದು ತಿಂದ. ಆಮೇಲೆ ಎಣಿಸುವುದನ್ನು ಬಿಟ್ಟ.

“ಈ ಗುಳ್ಳೆಗಳು ಅತ್ಯಂತ ಕ್ರಮಬದ್ಧವಾಗಿವೆ. ಇದರ ಕಾರಣವೇನು?”

“ಅದು ನಮ್ಮ ಮನೆತನದ ಗುಟ್ಟು. ಬಾಯಿ ತೆರೀರಿ, ಇನ್ನೊಂದು ತಗೊಳ್ಳಿ,” ಎಂದಳು ದೆಸೊಲೀನಾ. ಆಯುಷ್ಯವಿಡೀ ಬೇರೆಯವರಿಗೆ ಬಾಯಿ ತೆರೆಯಿರಿ ಎಂದ ಹಲ್ಲಿನ ಡಾಕ್ಟರು ತಾನೇ ಬಾಯಿ ತೆರೆದ.

ಅಂತೂ ಕಾರು ಹೊರಗೆ ಬಂತು. ಓಡರ್‌ಮಾಟ್ ಮಂಡಿಯೂರಿ, ಜೇಬಿನಿಂದ ಸಣ್ಣ ಟಾರ್ಚ್ ತೆಗೆದು, ಚಕ್ರದ ಸಂದಿಯಲ್ಲಿ ದವಡೆಹಲ್ಲು ನೋಡುವಂತೆ ನೋಡಿದ.

“ಸತ್ಯ. ಕಾರ್ಬನ್ ಸಿರಾಮಿಕ್.” ಮೂಗನ್ನು ಎರಡು ಸಲ ಅರಳಿಸಿದ. “ಆಶ್ಚರ್ಯ. ನನಗೆ ಪುನಃ ಹಸಿವಾಗುತ್ತಿದೆ.”

ನೆಯಾರ್ಕೊ ಮತ್ತು ವೆರ್ತೆರ್ ಸೇರಿ ಎವರಿಸ್ತೊನನ್ನು ಕಾರಿನೊಳಗೆ ಮಡಚಿ ತುರುಕಿದರು. ಸ್ವಿಸ್ ಸ್ಟಿಯರಿಂಗ್ ಹಿಡಿದ. ಕಾರು ಗುಡುಗಿ ಗುಡ್ಡ ಇಳಿಯತೊಡಗಿತು.

ಮೊದಲ ತಿರುವು ಊರಿನ ಸ್ಮಶಾನದ ಪಕ್ಕದಲ್ಲಿತ್ತು. ಸ್ವಿಸ್ ಬ್ರೇಕ್ ಒತ್ತಿದ. ಕಾರು ಒತ್ತಿದ್ದನ್ನು ಗಮನಿಸದಂತೆ ಮುಂದೆ ಹೋಯಿತು. ಇನ್ನೂ ಒತ್ತಿದ. ಬೆಣ್ಣೆಯ ಮೇಲೆ ಬಿಟ್ಟ ಗೋಲಿಯಂತೆ ಕಾರು ಜಾರಿತು. ಎವರಿಸ್ತೊಗೆ ತನ್ನ ತಂದೆತಾತಂದಿರು ಮಲಗಿದ ಸ್ಮಶಾನದ ಗೋಡೆ ಎದುರಿಗೆ ಬರುತ್ತಿರುವುದು ಕಾಣಿಸಿತು. ನಾಳೆ ಊರಿನವರಿಗೆ ತನ್ನನ್ನು ಹೊತ್ತು ತರುವ ಶ್ರಮವೂ ಉಳಿಯಿತು ಎಂದುಕೊಂಡು ಕಣ್ಣು ಮುಚ್ಚಿದ. ಸ್ವಿಸ್ ಮಾತ್ರ ಹಲ್ಲು ಕಚ್ಚಿ ತಿರುಗಿಸಿದ. ಗೋಡೆ ಕನ್ನಡಿಗೆ ಮುತ್ತು ಕೊಟ್ಟು ಹಿಂದೆ ಸರಿಯಿತು. ನಾಲ್ಕೂ ಚಕ್ರಗಳಿಂದ ಹೊಗೆ ಎದ್ದಿತು. ಕಾರಿನ ತುಂಬ ಹುರಿದ ಕೊಬ್ಬು, ಬೆಳ್ಳುಳ್ಳಿ, ರೋಸ್ಮರಿಯ ಘಮ.

ಎರಡನೇ ತಿರುವಿನಲ್ಲಿ ಕೊಬ್ಬು ಉರಿದು ಬ್ರೇಕು ಅರ್ಧ ಹಿಡಿಯಿತು. ಮೂರನೆಯದರಲ್ಲಿ ಪೂರ್ತಿ ಹಿಡಿದು ಕಾರು ಎಷ್ಟು ಗಕ್ಕನೆ ನಿಂತಿತೆಂದರೆ, ಎವರಿಸ್ತೊನ ಕನ್ನಡಕ ಮಾತ್ರ ಪ್ರಯಾಣ ಮುಂದುವರಿಸಿ ಗಾಜಿಗೆ ಬಡಿಯಿತು. ಸ್ವಿಸ್ ಮತ್ತೆ ಓಡಿಸಿದ, ಮತ್ತೆ ನಿಲ್ಲಿಸಿದ. ಬಯಲು ಮುಟ್ಟುವವರೆಗೂ ಅದೇ ಕೆಲಸ. ಪ್ರತಿ ಸಲವೂ ಬ್ರೇಕು ಮೊದಲಿಗಿಂತ ಗಟ್ಟಿ. ಕೊನೆಗೆ ಸೇತುವೆಯ ಪಕ್ಕ ಎಂಜಿನ್ ಆರಿಸಿ, ಕೈಕಟ್ಟಿ, ಹೊಳೆ ನೋಡುತ್ತ ಕೂತುಬಿಟ್ಟ. ಬ್ರೇಕು ಪೂರ್ತಿ ತಣ್ಣಗಾಯಿತು. ಎವರಿಸ್ತೊ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ.

ಸ್ವಿಸ್ ಬೆರಳೆತ್ತಿ ತಡೆದ. ಕಾರನ್ನು ನಿಧಾನಕ್ಕೆ ಮುಂದೆ ಬಿಟ್ಟು, ಕಿಟಕಿ ಇಳಿಸಿ, ಕಿವಿಗೊಟ್ಟು, ಬ್ರೇಕ್ ಒತ್ತಿದ. ಹೊಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

“ಕಿರುಚುವುದಿಲ್ಲ,” ಎಂದ. “ನಾನು ಇಂಥ ಅನೇಕ ಕಾರುಗಳನ್ನು ನೋಡಿದ್ದೇನೆ. ಎಲ್ಲವೂ ಕಿರುಚುತ್ತವೆ. ನಮ್ಮ ಬೀದಿಯಲ್ಲಿ ಭಾನುವಾರ ಬಾಟಲಿ ಕೆಳಗಿಟ್ಟ ಸದ್ದಾದರೂ ನೆರೆಯವರು ಪೊಲೀಸರಿಗೆ ತಿಳಿಸುತ್ತಾರೆ. ಇದು ಮೌನವಾಗಿದೆ! ತಾವು ಇದಕ್ಕೆ ಏನು ಮಾಡಿದಿರಿ?”

ತೂತುಗಳ ಆಳದಲ್ಲಿ ಉಳಿದ ಕೊಬ್ಬು ಸುಟ್ಟು, ಹಳೆಯ ಬಾಣಲೆ ಪಳಗಿದ ಹಾಗೆ ಬಿಲ್ಲೆ ಪಳಗಿತ್ತೋ, ಮತ್ತೇನೋ, ದೇವರೇ ಬಲ್ಲ. ಎವರಿಸ್ತೊ ಗಂಟಲು ಸರಿಮಾಡಿಕೊಂಡು, “ಮನೆತನದ ಗುಟ್ಟು,” ಎಂದ.

ಸ್ವಿಸ್ ಅಲ್ಲೇ ಕೈ ಕುಲುಕಿದ. ಒಂದು ಕಾಸೂ ಚೌಕಾಶಿ ಮಾಡಲಿಲ್ಲ. ಫೋನಿನಲ್ಲೇ ಮುಂಗಡ ಕಳಿಸಿ, ನಾಳೆ ಲಾರಿ ಕಳಿಸಿ ಒಯ್ಯುವುದಾಗಿ ಹೇಳಿ, ಊರಿಗೆ ಮರಳಿದೊಡನೆ ಮೊದಲ ಸುತ್ತಿನಲ್ಲಿ ಉಳಿದ ಒಂದು ಪೊಟ್ಟಣ ರೊಟ್ಟಿ ಕಟ್ಟಿಸಿಕೊಂಡು ಹೊರಟುಹೋದ.

ಎವರಿಸ್ತೊ ಬೆನ್ನುನೋವನ್ನೇ ಮರೆತು ಹಾಲ್‌ನ ನಡುವೆ ಎದೆ ಸೆಟೆಸಿ ನಿಂತ.

“ಏನೋ ನೆಯಾರ್ಕೊ, ದಂಡ ಅಂದ್ಯಲ್ಲ? ಪೂರ್ತಿ ಬೆಲೆಗೆ ಹೋಯ್ತು. ಬ್ರೇಕಿನ ದುಡ್ಡೂ ಬಂತು. ಈಗ ಹೇಳು!”

ನೆಯಾರ್ಕೊ ಹೇಳಲಿಲ್ಲ. ಅವನು ದವಡೆ ಹಿಡಿದುಕೊಂಡು ಕೂತಿದ್ದ. ಹಾಲ್ ತುಂಬ ಸುಟ್ಟ ವಾಸನೆ. ಮೇಜುಗಳ ಮೇಲೆ ಕರ್ರಗಿನ ಏನೋ ಬಿದ್ದಿತ್ತು. ಹಿತ್ತಲಿಂದ ದೆಸೊಲೀನಾ ಬಂದಳು.

“ಅಳಿಯಂದಿರೇ, ನನ್ನ ಬಿಲ್ಲೆ ಎಲ್ಲಿ?”

“ಮಾರಿಬಿಟ್ಟೆ ಅತ್ತೆ! ಕಾರಿನ ಜತೆ!”

“ಹಂಗಂದ್ರೆ? ನೀವು ಆಚೆ ಎಸೆದ ಕಬ್ಬಿಣದ ಬಿಲ್ಲೆಗಳನ್ನ ತೊಳೆದು ಎರಡನೇ ಸುತ್ತು ಇಟ್ಟೆ ನಾನು. ನೋಡು, ಏನಾಗಿದೆ ಅಂತ!” ಎಂದು ಒಂದು ರೊಟ್ಟಿಯನ್ನು ಮೇಜಿಗೆ ಬಡಿದಳು. ಮೇಜು ಟಣ್ ಎಂದಿತು. “ಮೇಲೆ ಇದ್ದಿಲು, ಒಳಗೆ ಹಸಿ ಹಿಟ್ಟು. ಪಾಪ, ನೆಯಾರ್ಕೊನ ಕಟ್ಟಿಸಿದ ಹಲ್ಲು ಹಾರಿಹೋಯ್ತು. ಇದ್ದ ಒಬ್ಬ ಹಲ್ಲಿನ ಡಾಕ್ಟರನ್ನೂ ನೀನು ಕಳಿಸಿಬಿಟ್ಟೆ!”

ನೆಯಾರ್ಕೊ ದವಡೆಯಿಂದ ಕೈ ತೆಗೆದು ಎದ್ದ. “ಈಗ ನಾನು ಹೇಳ್ತೀನಿ. ಸಿರಾಮಿಕ್ ಅಂದ್ರೆ ಸಿರಾಮಿಕ್ಕೇ! ಕಬ್ಬಿಣ ಅದರ ಕಾಲಿನ ಧೂಳಿಗೂ ಸಮ ಇಲ್ಲ. ಬೆಲೆ ಎಷ್ಟಾದ್ರೂ ಆಗ್ಲಿ, ಕೊಟ್ಟ ಒಂದೊಂದು ಕಾಸಿಗೂ ಮೋಸ ಇಲ್ಲ!”

“ಮೋಸ ಇಲ್ಲ!” ಎಂದು ಅರ್ಧ ಹೊಟ್ಟೆಯ ಹಾಲ್ ಮೇಜು ಕುಟ್ಟಿತು. ಆಗ ದಂಡ ಎಂದವರೇ ಈಗ ಜೋರಾಗಿ ಕುಟ್ಟುತ್ತಿದ್ದರು. ಕಬ್ಬಿಣ ಕಾದರೆ ಸುಸ್ತಾಗುತ್ತದೆಂದು ಒಬ್ಬರಿಗೊಬ್ಬರು ವಿವರಿಸತೊಡಗಿದ್ದರು.

ಎಲ್ಲರೂ ಲೊರೆತ್ತಾ ಕಡೆ ನೋಡಿದರು. ಅವಳು ಮತ್ತೆ ಮೆಲ್ಲಗೆ ಮಾತಾಡಿದಳು.

“ಒಂದು ಸೆಟ್ ಸುಳ್ಳು ಹೇಳಿ ತಗೊಂಡೆ. ನನಗೆ ಬೇಜಾರಿಲ್ಲ. ಇನ್ನೊಂದು ಸೆಟ್ ನಿಜ ಹೇಳಿ ತಗೋ. ನಮ್ಮಮ್ಮನಿಗೆ.”

“ಲೊರೆತ್ತಾ! ಕಾರೇ ಇಲ್ಲ, ಬ್ರೇಕ್ ಯಾಕೆ?”

“ಕಾರು ಇದ್ದಾಗ್ಲೂ ಅದು ಪೆಟ್ಟಿಗೇಲೇ ಇತ್ತಲ್ಲ?”

ಊರಿನವರು ಚಪ್ಪಾಳೆ ತಟ್ಟಿದರು. ಮುಂದಿನ ಊಟ ಎಂದೆಂಬುದೂ ಅಲ್ಲೇ ತೀರ್ಮಾನವಾಯಿತು.

ಮರುದಿನ ಲಾರಿ ಬಂದು ಕೆಂಪು ಕಾರನ್ನು ಒಯ್ದಿತು. ಎವರಿಸ್ತೊ ಬ್ರೆಡ್ ವ್ಯಾನಿನಲ್ಲೇ ಡ್ರೈವರಿನ ಪಕ್ಕ ಕೂತು ಗುಡ್ಡ ಇಳಿದು, ಬಿಡಿಭಾಗಗಳ ಅಂಗಡಿಗೆ ಹೋಗಿ, ಒಂದು ಸೆಟ್ ಕಾರ್ಬನ್ ಸಿರಾಮಿಕ್ ಬಿಲ್ಲೆ ಬೇಕೆಂದ. ಗಲ್ಲಾದ ಹಿಂದಿನವನು ಬೆಲೆ ಹೇಳಿ, ಗಿರಾಕಿ ಮೂರ್ಛೆ ಹೋಗಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಪೆನ್ನು ತೆಗೆದ.

“ಯಾವ ಕಾರಿಗೆ ಸಾರ್?”

ನಿಜ ಹೇಳಿಯೇ ತರಬೇಕೆಂದು ಹೆಂಡತಿಯ ಕಟ್ಟಪ್ಪಣೆಯಾಗಿತ್ತು. ಎವರಿಸ್ತೊ ನಿಟ್ಟುಸಿರು ಬಿಟ್ಟ.

“ಕಾರಿಗಲ್ಲ. ನಮ್ಮ ಅತ್ತೆಗೆ.”

ಅಂಗಡಿಯವನ ಪೆನ್ನು ನಿಂತಿತು. ಅವನು ಎವರಿಸ್ತೊನನ್ನು ಭಕ್ತಿಯಿಂದ ಮೇಲಿಂದ ಕೆಳಗೆ ನೋಡಿ, ಒಳಗಿನ ಗೋದಾಮಿನ ಕಡೆ ತಿರುಗಿ ಕೂಗಿದ:

“ಲೋ, ಅತ್ತೇರಿಗೂ ಬ್ರೇಕ್ ಹಾಕ್ಬಹುದಂತೆ ಕಣೋ! ಬೆಲೆ ಎಷ್ಟಾದ್ರೂ ಆಗ್ಲಿ, ನಂಗೂ ಒಂದು ಸೆಟ್ ತೆಗೆದಿಡು!”